ಹೆಂಡಿಬುಟ್ಟಿಯ ಚರಿತ್ರೆ

೧

ನಮ್ಮ ಆಯಿಯ ನಡುನೆತ್ತಿಯಲ್ಲಿ ಹಳೆಯ ರೂಪಾಯಿ ನಾಣ್ಯದಷ್ಟು ಅಗಲದ ಜಾಗದಲ್ಲಿ ಕೂದಲಿರಲಿಲ್ಲ. ಅದು ಹುಟ್ಟಿನಿಂದ ಬಂದದ್ದು ಎಂದೇ ನಾನು ಸಣ್ಣವನಿದ್ದಾಗ ತಿಳಿದಿದ್ದೆ. ಒಮ್ಮೆ ಕೇಳಿದೆ. "ಸಿಂಬಿ ತಿಂದೈತಿ ತಮ್ಮಾ" ಅಂದಳು. ಹುಕ್ಕೇರಿ ಸೀಮೆಯ ನಮ್ಮೂರಿನ ಒಂದು ದೊಡ್ಡ ಮನೆಯಲ್ಲಿ, ಮದುವೆಯಾಗಿ ಬಂದ ವರ್ಷದಿಂದ ಮೊಣಕಾಲು ಬಾಗದಂತಾಗುವವರೆಗೆ, ಆಕೆ ಹೆಂಡಿಕಸ ಮಾಡಿದಳು. ಹೊತ್ತು ಮೂಡುವ ಮೊದಲೇ ಹೋಗಬೇಕು. ಎತ್ತು, ಎಮ್ಮೆ, ಆಕಳು, ಕರು ಎಲ್ಲದರ ಹೆಂಡಿಯನ್ನು ಬರಿಗೈಯಲ್ಲಿ ಬಳಿದು, ಗಂಜಳದಲ್ಲಿ ನೆನೆದ ಕಣಕಿಯ ಕಸ ಕೂಡಿಸಿ, ಬುಟ್ಟಿ ತುಂಬಿ, ತಲೆಯ ಮೇಲೆ ಸಿಂಬಿಯಿಟ್ಟು ತಿಪ್ಪೆಗೆ ಹೊರಬೇಕು. ಮಳೆಗಾಲದಲ್ಲಿ ಬುಟ್ಟಿಯಿಂದ ಸೋರಿದ ನೀರು ಹಣೆ, ಕಣ್ಣು, ಕುತ್ತಿಗೆಗೆ ಇಳಿಯುತ್ತಿತ್ತು. ಇದಕ್ಕೆ ಸಿಗುತ್ತಿದ್ದದ್ದು ಎರಡು ಜೋಳದ ರೊಟ್ಟಿ, ಒಂದಿಷ್ಟು ನಿನ್ನೆಯ ಸಾರು. ರೊಟ್ಟಿಯನ್ನು ಮೇಲಿನಿಂದ ಸೆರಗಿಗೆ ಬಿಡುತ್ತಿದ್ದರು. ಸುಗ್ಗಿಯಲ್ಲಿ ಒಂದಷ್ಟು ಕಾಳು. "ಹೊಲದಾಗಿನ ಕೆಲಸಕ್ಕ ಕೂಲಿ ಅಂತಿತ್ತು. ಹೆಂಡಿಕಸಕ್ಕ ಕೂಲಿ ಅನ್ನೂ ಮಾತs ಇರಲಿಲ್ಲ" ಎಂದು ಆಯಿ ಹೇಳುತ್ತಿದ್ದಳು.

ಎರಡು ವರ್ಷದ ಹಿಂದೆ ಒಂದು ವಿಚಾರಸಂಕಿರಣದಲ್ಲಿ ಕೂತಿದ್ದೆ. ವಿಷಯ: ಜಾನುವಾರು ತ್ಯಾಜ್ಯದ ನಿರ್ವಹಣೆ ಮತ್ತು ಪರಿಸರ. ಪ್ರಬಂಧ ಮಂಡಿಸಿದವರು ಪರದೆಯ ಮೇಲೆ ಒಂದು ಚಿತ್ರ ತೋರಿಸಿದರು. ಒಂದು ಆಕಳು, ಅಲ್ಲಿಂದ ಒಂದು ಬಾಣದ ಗುರುತು, ಗೊಬ್ಬರದ ಗುಂಡಿ, ಮತ್ತೊಂದು ಬಾಣ, ಹಸಿರು ಹೊಲ. ಹೊಲದಿಂದ ಮೇವಾಗಿ ಮತ್ತೆ ಆಕಳಿಗೆ. ಎಷ್ಟು ಸುಂದರವಾದ ಚಕ್ರ! ಎಲ್ಲರೂ ತಲೆದೂಗಿದರು. ನಾನು ಮಾತ್ರ ಆ ಮೊದಲನೆಯ ಬಾಣವನ್ನೇ ನೋಡುತ್ತಿದ್ದೆ. ಆಕಳಿಂದ ಗುಂಡಿಯವರೆಗೆ ಹೆಂಡಿ ತಾನಾಗಿಯೇ ನಡೆದು ಹೋಗುತ್ತದೆಯೇ? ಆ ಬಾಣ ಇದ್ದ ಜಾಗದಲ್ಲಿ ನಲವತ್ತು ವರ್ಷ ನಮ್ಮ ಆಯಿ ನಡೆದಿದ್ದಳು.

ಇತಿಹಾಸ ಕಲಿಸುವವನಾಗಿ ನನ್ನನ್ನು ಕಾಡುವ ಪ್ರಶ್ನೆ ಇಷ್ಟೇ. ಗೊಬ್ಬರಕ್ಕೆ ಚರಿತ್ರೆ ಇದೆ, ಮಾಲಿನ್ಯಕ್ಕೆ ಅಂಕಿಸಂಖ್ಯೆ ಇದೆ, ಗೋವಿಗೆ ಪುರಾಣ ಇದೆ. ಹೊತ್ತವರಿಗೆ ಏನಿದೆ?

೨

ಒಂದೇ ವಸ್ತುವಿಗೆ ನಮ್ಮ ಭಾಷೆಯಲ್ಲಿ ಮೂರು ಹೆಸರುಗಳಿವೆ. ಪೂಜೆಯಲ್ಲಿ ಅದು ಗೋಮಯ. ಪುಸ್ತಕದಲ್ಲಿ ಸಗಣಿ. ನಮ್ಮ ಕೇರಿಯಲ್ಲಿ ಹೆಂಡಿ. ಗೋಮಯ ಪಂಚಗವ್ಯದಲ್ಲಿ ಸೇರಿ ಮೈಲಿಗೆಯನ್ನು ಕಳೆಯುತ್ತದೆ, ಸುಟ್ಟು ಭಸ್ಮವಾಗಿ ಹಣೆಗೇರುತ್ತದೆ. ಹೆಂಡಿ ಮಾತ್ರ ಹೊತ್ತವಳ ಮೈಗೆ ನಾತವಾಗಿ ಅಂಟುತ್ತದೆ. ದೀಪಾವಳಿಯ ಪಾಡ್ಯದ ದಿನ ನಮ್ಮ ಭಾಗದ ಮನೆಮನೆಯಲ್ಲಿ ಹೆಂಡಿಯಲ್ಲಿ ಪಾಂಡವರನ್ನು ಮಾಡಿ, ಚೆಂಡುಹೂವು ಸಿಕ್ಕಿಸಿ, ಅರಿಷಿಣ ಕುಂಕುಮ ಹಚ್ಚಿ ಪೂಜಿಸುತ್ತಾರೆ. ಆ ಹೆಂಡಿಯನ್ನು ನಸುಕಿನಲ್ಲಿ ಬಳಿದು ಕೂಡಿಸಿಟ್ಟವಳು ನಮ್ಮ ಆಯಿ. ಪಾಂಡವರು ಹೊಸ್ತಿಲು ದಾಟಿ ಒಳಗೆ ಹೋದರು. ಆಯಿ ಹೊರಗೇ ಉಳಿದಳು. ಹೆಂಡಿ ದಾಟಬಹುದಾದ ಹೊಸ್ತಿಲನ್ನು ಹೆಂಡಿ ಎತ್ತಿದ ಕೈ ದಾಟುವಂತಿರಲಿಲ್ಲ. ಜಾತಿಪದ್ಧತಿಯನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ದೊಡ್ಡ ಗ್ರಂಥ ನನಗೆ ಬೇಕೆನಿಸಿಲ್ಲ.

ಎಸ್.ಜಿ. ನರಸಿಂಹಾಚಾರ್ಯರ ಗೋವಿನ ಪದ್ಯವನ್ನು ಕನ್ನಡ ಶಾಲೆಯಲ್ಲಿ ಓದಿದವರೆಲ್ಲ ಬಲ್ಲರು. ತನ್ನ ಸಗಣಿ ಕುಳ್ಳಾಗುವುದನ್ನೂ ವಿಭೂತಿಯಾಗುವುದನ್ನೂ ಗೊಬ್ಬರವಾಗುವುದನ್ನೂ ಹೇಳಿ, ಮನುಷ್ಯನ ಕೃತಘ್ನತೆಯನ್ನು ಅಲ್ಲಿ ಗೋವು ಪ್ರಶ್ನಿಸುತ್ತದೆ. ಒಳ್ಳೆಯ ಪದ್ಯವೇ. ನಾನೂ ಬಾಯಿಪಾಠ ಮಾಡಿದ್ದೆ. ಆದರೆ ಈಗ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ತಟ್ಟುವ, ಸುಡುವ, ಹಾಕುವ ಕ್ರಿಯೆಗಳು ಅಲ್ಲಿವೆ. ಅವುಗಳಿಗೆ ಕರ್ತೃ ಇಲ್ಲ. ಗೋವು 'ಮಾನವ'ನನ್ನು ಒಟ್ಟಾಗಿ ಬಯ್ಯುತ್ತದೆ. ಆ ಮಾನವನಲ್ಲಿ ಹಾಲು ಕುಡಿದವನೂ ಇದ್ದಾನೆ, ಹಾಲು ಕಾಣದೆ ಹೆಂಡಿ ಹೊತ್ತವಳೂ ಇದ್ದಾಳೆ. ವಿಚಾರಸಂಕಿರಣದ ಬಾಣದ ಗುರುತಿಗೂ ಈ ಕರ್ತೃವಿಲ್ಲದ ಕ್ರಿಯಾಪದಕ್ಕೂ ಏನು ವ್ಯತ್ಯಾಸ? ಒಂದು ವಿಜ್ಞಾನ, ಇನ್ನೊಂದು ಕಾವ್ಯ. ಎರಡೂ ಕಡೆ ಆಳು ಮಾಯ.

೧೯೭೩ರಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತಾಡಿ, ಗಲಾಟೆಯಾಗಿ, ಮಂತ್ರಿಪದವಿ ಬಿಡಬೇಕಾಯಿತು. ಬೂಸಾ ಎಂದರೆ ದನಕ್ಕೆ ಹಾಕುವ ತಿನಿಸು. ಅವತ್ತು ಬೀದಿಗಿಳಿದವರಿಗೆ ಆ ಶಬ್ದ ಬೈಗುಳವಾಗಿ ಕೇಳಿತು. ದನದ ಬಾಯಿಗೆ ಏನು ಹೋಗುತ್ತದೆ, ಹಿಂದಿನಿಂದ ಏನು ಬರುತ್ತದೆ ಎಂಬುದನ್ನು ತಲೆಮಾರುಗಳಿಂದ ಕೈಯಾರೆ ಮುಟ್ಟಿ ಬಲ್ಲ ಜನರಿಗೆ ಅದು ನಿತ್ಯದ ಮಾತು.

೩

ಗೋಕಾಕ, ಹುಕ್ಕೇರಿ ಸೀಮೆ ೧೯೫೬ರ ನವೆಂಬರ್ ೧ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಮೂಡಲಗಿ ಈಗ ಬೇರೆ ತಾಲೂಕು; ಆಗ ಗೋಕಾಕದೊಳಗೇ ಇದ್ದ ಊರು. ಹೀಗಾಗಿ ಇಲ್ಲಿನ ಅಸ್ಪೃಶ್ಯರ ಚಾಕರಿಯ ಚರಿತ್ರೆಯನ್ನು ಮೈಸೂರಿನ ಕಡತಗಳಲ್ಲಿ ಹುಡುಕಿದರೆ ಸಿಗುವುದಿಲ್ಲ, ಮುಂಬಯಿ ಇಲಾಖೆಯ ವತನದ ಕಾನೂನಿನಲ್ಲಿ ಹುಡುಕಬೇಕು. ೧೮೭೪ರ ಆನುವಂಶಿಕ ಹುದ್ದೆಗಳ ಕಾಯದೆ ಕುಲಕರ್ಣಿ, ಪಾಟೀಲರ ಜೊತೆಗೆ ಊರ ಕೆಳಚಾಕರಿಯವರನ್ನೂ ವತನದಾರರೆಂದೇ ಕರೆಯಿತು. ತುಂಡು ಭೂಮಿ, ರೈತರಿಂದ ಒಂದಿಷ್ಟು ಆಯ. ಬದಲಿಗೆ ಹಗಲು ರಾತ್ರಿ ಕರೆದಲ್ಲಿಗೆ ಓಡುವ ಬಿಟ್ಟಿ ದುಡಿಮೆ. ಸತ್ತ ದನ ಎಳೆಯುವ ಕೆಲಸ ರೂಢಿಯಿಂದ ಬಂದದ್ದು. ಅದರ ತೊಗಲು, ಮಾಂಸ 'ಹಕ್ಕು' ಎಂಬ ಹೆಸರು ಪಡೆಯಿತು. ಹೊಲಸನ್ನೇ ಹಕ್ಕೆಂದು ಕರೆದು ಕೈಗಿಟ್ಟ ಜಾಣತನ ಇದು.

ಇನ್ನೊಂದು ಸಂಗತಿಯನ್ನು ನಮ್ಮ ಚರಿತ್ರಕಾರರು ಗಮನಿಸಿಲ್ಲ. ವತನದ ಕಾಗದದಲ್ಲಿ ಕಾಣುವುದು ಗಂಡಸರ ಚಾಕರಿ: ಕಾವಲು, ಟಪಾಲು, ಸರ್ಕಾರಿ ಮಂದಿಯ ಸಾಮಾನು ಹೊರುವುದು. ಹೆಂಡಿಕಸ ಹೆಂಗಸರ ಕೆಲಸ. ಅದು ಊರಿನದಲ್ಲ, ಮನೆಯದು. ಅದಕ್ಕೆ ಭೂಮಿಯೂ ಇಲ್ಲ, ಕಾಗದವೂ ಇಲ್ಲ. ಕರ್ನಾಟಕದಲ್ಲಿ ೧೯೬೧ರ ಗ್ರಾಮ ಹುದ್ದೆಗಳ ರದ್ದತಿ ಕಾಯದೆ ಬಂದಾಗ ವತನ ಹೋಯಿತು. ಕಾಗದದಲ್ಲಿ ಇಲ್ಲದ್ದನ್ನು ಯಾವ ಕಾಯದೆ ರದ್ದು ಮಾಡೀತು? ಆಯಿಯ ಬುಟ್ಟಿ ಹಾಗೇ ಉಳಿಯಿತು.

೧೯೨೪ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆಯಿತು. ಅದರ ನೆನಪು ನಮ್ಮ ಪಠ್ಯಪುಸ್ತಕಗಳಲ್ಲಿ ಗಟ್ಟಿಯಾಗಿದೆ. ಅದಾದ ನಾಲ್ಕೇ ತಿಂಗಳಿಗೆ, ೧೯೨೫ರ ಏಪ್ರಿಲಿನಲ್ಲಿ, ಹುಕ್ಕೇರಿಯ ಪಕ್ಕದ ನಿಪ್ಪಾಣಿಯಲ್ಲಿ ಬಾಬಾಸಾಹೇಬ ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ಬಹಿಷ್ಕೃತರ ಪ್ರಾಂತೀಯ ಪರಿಷತ್ತು ಸೇರಿತು. ಅದನ್ನು ಯಾವ ಪಾಠದಲ್ಲೂ ನಾನು ಓದಲಿಲ್ಲ, ಕೇರಿಯ ಮುದುಕರ ಬಾಯಲ್ಲಿ ಕೇಳಿದೆ. ಎರಡು ವರ್ಷದ ನಂತರ, ೧೯೨೭ರ ಮಾರ್ಚಿನಲ್ಲಿ ಮಹಾಡದಲ್ಲಿ, ಸತ್ತ ದನದ ಮಾಂಸ ತಿನ್ನುವುದನ್ನು, ಎಂಜಲಿಗೆ ಕೈಯೊಡ್ಡುವುದನ್ನು ಬಿಡಬೇಕೆಂದು ಬಾಬಾಸಾಹೇಬರು ಕರೆಕೊಟ್ಟರು. ೧೯೨೮ರಲ್ಲಿ ವತನದ ಕಾಯದೆಗೆ ತಿದ್ದುಪಡಿ ತರಲು ಮುಂಬಯಿ ಶಾಸನಸಭೆಯಲ್ಲಿ ಮಸೂದೆ ಮಂಡಿಸಿದರು. ಗಾಂಧೀಜಿ ಆ ಕೆಲಸವೇ ಶುಚಿಯಾಗಬೇಕು, ಶಾಸ್ತ್ರೀಯವಾಗಬೇಕು ಅಂದರು. ಅಂಬೇಡ್ಕರರು ಹುಟ್ಟಿನ ಕಾರಣಕ್ಕೆ ಹೆಗಲೇರಿದ ಆ ಕೆಲಸವನ್ನು ಮೊದಲು ಕೆಳಗಿಳಿಸಬೇಕು ಅಂದರು. ತ್ಯಾಜ್ಯ ನಿರ್ವಹಣೆಯ ಇಂದಿನ ಚರ್ಚೆ ಇವತ್ತಿಗೂ ಈ ಎರಡು ನಿಲುವುಗಳ ನಡುವೆಯೇ ಸಿಕ್ಕಿಕೊಂಡಿದೆ.

ಸತ್ತ ದನ ಎಳೆಯುವುದನ್ನು ಬಿಟ್ಟರೆ ತೊಗಲು, ಕೊಂಬು, ಎಲುಬಿನ ಆದಾಯ ಹೋಗಿ ನಿಮ್ಮ ಜನಕ್ಕೇ ನಷ್ಟವಲ್ಲವೇ ಎಂದು ಮೇಲ್ಜಾತಿಯವರು ಲೆಕ್ಕ ಹಾಕಿ ಕೇಳಿದ್ದುಂಟು. ೧೯೫೬ರ ಅಕ್ಟೋಬರಿನಲ್ಲಿ ನಾಗಪುರದ ಭಾಷಣದಲ್ಲಿ ಬಾಬಾಸಾಹೇಬರು ಇದನ್ನು ನೆನೆದರು. ಅಷ್ಟು ಲಾಭವಿದ್ದರೆ ನೀವೇ ಎಳೆದು ನೀವೇ ಯಾಕೆ ಪಡೆಯಬಾರದು ಎಂಬುದು ಅವರ ಉತ್ತರದ ತಿರುಳು. ಹೆಂಡಿಯ ಮಟ್ಟಿಗೂ ನಾವು ಕೇಳಬೇಕಾದದ್ದು ಇದೇ ಪ್ರಶ್ನೆ.

ಯಾಕೆಂದರೆ ಹೆಂಡಿಗೆ ಬೆಲೆ ಇಲ್ಲ ಎಂಬುದು ಸುಳ್ಳು. ನಮ್ಮ ಸೀಮೆಯಲ್ಲಿ ಕುರುಬರು ಬೇಸಿಗೆಯಲ್ಲಿ ಹೊಲದೊಳಗೆ ರಾತ್ರಿ ಕುರಿ ನಿಲ್ಲಿಸುತ್ತಾರೆ. ಹಿಕ್ಕೆ, ಉಚ್ಚೆಗೆ ನೆಲ ಹದವಾಗುತ್ತದೆ ಎಂದು ಹೊಲದವರು ಅವರಿಗೆ ಕಾಳನ್ನೋ ಹಣವನ್ನೋ ಕೊಡುತ್ತಾರೆ. ಕೊಡಬೇಕಾದದ್ದೇ. ಅಂದರೆ ಪ್ರಾಣಿಯ ಹೊಲಸಿಗೆ ಬೆಲೆ ಇದೆ. ಆ ಬೆಲೆ ಪ್ರಾಣಿ ಯಾರದೋ ಅವರಿಗೆ ಸಲ್ಲುತ್ತದೆ, ಎತ್ತಿದವರಿಗಲ್ಲ. ತಿಪ್ಪೆಯ ಗೊಬ್ಬರ ಒಂದು ಟ್ರಾಲಿಗೆ ಸಾವಿರಗಟ್ಟಲೆ ರೂಪಾಯಿಗೆ ಮಾರುತ್ತದೆ. ಆ ತಿಪ್ಪೆಯನ್ನು ಬುಟ್ಟಿ ಬುಟ್ಟಿಯಾಗಿ ಕಟ್ಟಿದವಳಿಗೆ ಅದರಲ್ಲಿ ಒಂದು ಬುಟ್ಟಿಯ ಪಾಲೂ ಇಲ್ಲ.

ಉತ್ತರ ಹಿಂದೂಸ್ಥಾನದ ಕೆಲವು ಕಡೆ ಕಣದಲ್ಲಿ ತುಳಿಯುವ ಎತ್ತುಗಳು ತಿಂದ ಕಾಳು ಸಗಣಿಯಲ್ಲಿ ಹೊರಬಂದಾಗ, ಅದನ್ನು ಸೋಸಿ ಅಸ್ಪೃಶ್ಯರಿಗೆ ಕೂಲಿಯಾಗಿ ಕೊಡುತ್ತಿದ್ದರು. ಅಂಬೇಡ್ಕರರು ಇದನ್ನು ದಾಖಲಿಸಿದ್ದಾರೆ. ಆ ಕಾಳಿಗೆ ಗೋಬರಹಾ ಎಂದು ಹೆಸರು. ಎಂ.ಎ. ಓದುವಾಗ ಇದನ್ನು ಓದಿ ನಾನು ಬೆಚ್ಚಿಬಿದ್ದಿದ್ದೆ. ಊರಿಗೆ ಹೋದಾಗ ಆಯಿಗೆ ಹೇಳಿದೆ. ಆಕೆ ಬೆಚ್ಚಲಿಲ್ಲ. "ಎಪ್ಪತ್ತೆರಡರ ಬರದಾಗ ನಾವೂ ತೊಳದ ತಿಂದೇವಿ. ಕೂಲಿ ಅಂತ ಯಾರೂ ಕೊಡಲಿಲ್ಲ, ನಾವs ಆರಿಸಿಕೊಂಡ್ವಿ" ಅಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮಪ್ಪಗ ಹೇಳಬ್ಯಾಡ, ಅಂವಗ ಗೊತ್ತಿಲ್ಲ" ಅಂದಳು. ಆ ರೊಟ್ಟಿ ತಿಂದು ಬೆಳೆದವನು ನಮ್ಮಪ್ಪ. ಈಗ ಇಬ್ಬರೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

೪

ಈ ಸೀಮೆಯ ಹೆಂಡಿಯ ಸ್ವರೂಪವನ್ನೇ ಬದಲಿಸಿದ್ದು ನೀರು. ಧೂಪದಾಳದ ಒಡ್ಡು ೧೮೯೭ರಲ್ಲಿ ಆಯಿತು. ಸ್ವಾತಂತ್ರ್ಯಾನಂತರ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ೫೧ ಟಿಎಂಸಿಯ ಜಲಾಶಯ ಬಂತು. ಘಟಪ್ರಭೆಯ ಕಾಲುವೆ ಹರಿದಲ್ಲೆಲ್ಲ ಜೋಳ ಹೋಗಿ ಕಬ್ಬು ಬಂತು, ಸಕ್ಕರೆ ಕಾರ್ಖಾನೆ ಬಂದವು. ಬಯಲು, ಗೋಮಾಳ ಕರಗಿದವು. ದನ ಅಡವಿಗೆ ಹೋಗುವುದು ನಿಂತು ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸುವುದು ಬಂತು. ೧೯೭೦ರಲ್ಲಿ ಶುರುವಾದ ಕ್ಷೀರಕ್ರಾಂತಿಯ ಜೊತೆ ಮಿಶ್ರತಳಿಯ ಆಕಳುಗಳು ಬಂದವು.

ಇದರಿಂದ ಕೇರಿಗೆ ಆದ ನಷ್ಟ ಯಾವ ವರದಿಯಲ್ಲೂ ಇಲ್ಲ. ದನ ಅಡವಿಯಲ್ಲಿ ಮೇಯುವಾಗ ಅಲ್ಲಿ ಬಿದ್ದ ಹೆಂಡಿ ಆರಿಸಿದವರದು. ನಮ್ಮ ಹೆಣ್ಣುಮಕ್ಕಳು ಅದನ್ನು ಕೂಡಿಸಿ ಕುಳ್ಳು ತಟ್ಟಿ ಒಲೆ ಉರಿಸುತ್ತಿದ್ದರು, ಗೋಕಾಕದ ಸಂತೆಗೂ ಒಯ್ಯುತ್ತಿದ್ದರು. ದನ ಕೊಟ್ಟಿಗೆ ಸೇರಿದ ಮೇಲೆ ಹೆಂಡಿಯೂ ಒಡೆಯನ ಗೋಡೆಯೊಳಗೆ ಸೇರಿತು. ಹೊಲವಿಲ್ಲದವರಿಗೆ ಇದ್ದ ಒಂದೇ ಗೊಬ್ಬರದ ಪಾಲು ಹೀಗೆ ಸದ್ದಿಲ್ಲದೆ ಹೋಯಿತು. ಆದರೆ ಎತ್ತುವ ಕೆಲಸ ಹೋಗಲಿಲ್ಲ, ಹೆಚ್ಚಾಯಿತು.

ದೊಡ್ಡ ದನವೊಂದು ದಿನಕ್ಕೆ ಸುಮಾರು ೧೫ರಿಂದ ೨೦ ಕಿಲೋ ಹೆಂಡಿ ಹಾಕುತ್ತದೆ. ೨೦೧೯ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ದನ, ಎಮ್ಮೆ ಸೇರಿ ಸುಮಾರು ೩೦ ಕೋಟಿ. ಒಣ ಮೇವು ತಿಂದ ಜವಾರಿ ಎತ್ತಿನ ಹೆಂಡಿ ಗಟ್ಟಿ. ಹಸಿ ಮೇವು, ಹಿಂಡಿ ತಿಂದ ಮಿಶ್ರತಳಿಯದು ತೆಳು. ಫರಸಿ ಹಾಕಿದ ಕೊಟ್ಟಿಗೆಯನ್ನು ಪೈಪು ಹಿಡಿದು ತೊಳೆದರೆ ಅದು ರಾಡಿಯಾಗಿ ಗಟಾರಕ್ಕೆ, ಗಟಾರದಿಂದ ಹಳ್ಳಕ್ಕೆ ಹೋಗುತ್ತದೆ. ನಮ್ಮ ಭಾಗದ ಹಳ್ಳಗಳು ಹಿರಣ್ಯಕೇಶಿಗೆ, ಮಾರ್ಕಂಡೇಯಕ್ಕೆ, ಕಡೆಗೆ ಘಟಪ್ರಭೆಗೆ ಸೇರುತ್ತವೆ. ಗಾಳಿಯಾಡದ ರಾಡಿಯಲ್ಲಿ ಮೀಥೇನ್ ಹುಟ್ಟುತ್ತದೆ. ಬಿಸಿಲಿಗೆ ಬಿಟ್ಟ ತಿಪ್ಪೆಯಿಂದ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ. ಮಳೆಗೆ ಸಿಕ್ಕ ತಿಪ್ಪೆಯಿಂದ ಅದು ನೈಟ್ರೇಟ್ ಆಗಿ ನೆಲಕ್ಕಿಳಿಯುತ್ತದೆ. ಒಂದು ಲೀಟರ್ ಕುಡಿಯುವ ನೀರಿನಲ್ಲಿ ನೈಟ್ರೇಟ್ ೪೫ ಮಿಲಿಗ್ರಾಂ ದಾಟಬಾರದು ಎಂಬುದು ನಮ್ಮ ದೇಶದ ಮಾನದಂಡ. ದಾಟಿದರೆ ಮೊದಲ ಅಪಾಯ ಎಳೆಗೂಸುಗಳಿಗೆ. ಈ ನೀರನ್ನು ಕುದಿಸಿದರೂ ನೈಟ್ರೇಟ್ ಹೋಗುವುದಿಲ್ಲ.

ಈ ವಿಜ್ಞಾನ ನಮಗೆ ಬೇಕು. ಆದರೆ ವಿಜ್ಞಾನ ಹೇಳುವ 'ನೆಲ' ಯಾವ ನೆಲ? ನಮ್ಮೂರಲ್ಲಿ ತಿಪ್ಪೆಗಳು ಇರುವುದು ಗೌಡರ ವಾಡೆಯ ಮುಂದಲ್ಲ, ಕೇರಿಗೆ ಹತ್ತಿದ ಇಳಿಜಾರಿನಲ್ಲಿ. ಮಳೆ ಬಂದರೆ ಕಪ್ಪು ನೀರು ನಮ್ಮ ಅಂಗಳದಲ್ಲೇ ಹಾದು ಬಾವಿಯ ಕಡೆ ಹೋಗುತ್ತಿತ್ತು. ಊರ ಬಾವಿ ಮೇಲೆ, ನಮ್ಮ ಬಾವಿ ಕೆಳಗೆ. ಯಾರ ನೀರು ಯಾರಿಂದ ಕೆಡುತ್ತದೆ ಎಂಬುದು ಅಲ್ಲಿ ಇಳಿಜಾರು ತೀರ್ಮಾನಿಸುವ ವಿಷಯವಾಗಿ ಕಾಣುತ್ತದೆ. ಇಳಿಜಾರಿನಲ್ಲಿ ಯಾರನ್ನು ಕೂಡಿಸಬೇಕೆಂದು ತೀರ್ಮಾನಿಸಿದ್ದು ಜಾತಿ. ನಾವು ಮುಟ್ಟಿದರೆ ಅವರ ನೀರು ಮೈಲಿಗೆಯಾಗುತ್ತಿತ್ತು. ಅವರ ತಿಪ್ಪೆ ಹರಿದು ನಮ್ಮ ನೀರು ಕೆಟ್ಟದ್ದಕ್ಕೆ ಯಾವ ಹೆಸರೂ ಇರಲಿಲ್ಲ. ಈಗ ಮಾಲಿನ್ಯ ಎಂಬ ಹೆಸರು ಬಂದಿದೆ, ಅಷ್ಟಾದರೂ ಬಂತು.

ಮೈಯ ಮಾತೂ ಇದೆ. ಬರಿಗೈಯಲ್ಲಿ ಹೆಂಡಿ ಬಳಿಯುವವರ ಬೆರಳ ಸಂದಿಗಳು ಬಿರಿಯುತ್ತವೆ. ಬಿರುಕಿನಿಂದ ಧನುರ್ವಾಯುವಿನ ರೋಗಾಣು ಒಳಹೊಗಬಹುದು. ಕಂದು ಹಾಕಿದ ದನದ ಮಾಸು, ಗಂಜಳ ಮುಟ್ಟುವವರಿಗೆ ಬ್ರುಸೆಲ್ಲಾ, ಇಲಿಜ್ವರದಂಥ ಬೇನೆಗಳು ತಗಲುವ ಅಪಾಯ ಉಂಟು. ತಿಂಗಳುಗಟ್ಟಲೆ ಬಂದು ಹೋಗುವ ಜ್ವರಕ್ಕೆ ನಮ್ಮ ಕೇರಿಯಲ್ಲಿ ಗಾಳಿ ಸೋಕಿದೆ ಎಂದು ಅಂತ್ರ ಕಟ್ಟಿಸುತ್ತಿದ್ದರು.

೨೦೧೯ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಉಕ್ಕಿ ಗೋಕಾಕದ ಪೇಟೆಯೇ ನೀರೊಳಗಾಯಿತು, ಲೋಳಸೂರ ಸೇತುವೆ ಮುಳುಗಿತು. ನೀರಿಳಿದ ಮೇಲೆ ಹೊಳೆದಂಡೆಯಲ್ಲಿ ಉಬ್ಬಿದ ದನಗಳ ಹೆಣ. ೨೦೨೨ರಲ್ಲಿ ಚರ್ಮಗಂಟು ರೋಗ ಬಂದಾಗ ಸತ್ತ ದನವನ್ನು ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹುಗಿಯಬೇಕೆಂದು ತಿಳಿಸಿದರು. ಸರಿಯಾದ ಸೂಚನೆಯೇ. ಆದರೆ ಆ ಎರಡೂ ಸಲ ಊರಿನವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೇರಿಯ ಕಡೆಗೇ ಬಂದರು. ಕಾಲೇಜು ಮೇಷ್ಟ್ರಾದ ನನ್ನನ್ನೂ ಒಬ್ಬ ಹಿರಿಯರು, "ನಿಮ್ಮ ಹುಡುಗರಿಗೆ ಸ್ವಲ್ಪ ಹೇಳ್ರಿ ಸರs" ಎಂದು ಮರ್ಯಾದೆಯಿಂದಲೇ ಕೇಳಿದರು. ವತನ ರದ್ದಾಗಿ ಅರವತ್ತು ವರ್ಷವಾಗಿತ್ತು. ಬದಲಾದದ್ದು 'ಸರ' ಎಂಬ ಸಂಬೋಧನೆ ಮಾತ್ರ.

೫

ಪರಿಹಾರಗಳಿಗೇನೂ ಬರವಿಲ್ಲ. ಆಲ್ಬರ್ಟ್ ಹೋವರ್ಡ್ ಇಂದೂರಿನಲ್ಲಿ ರೂಪಿಸಿದ ಕಾಂಪೋಸ್ಟ್ ವಿಧಾನದಲ್ಲಿ ರಾಶಿಯನ್ನು ಮತ್ತೆ ಮತ್ತೆ ತಿರುವಿ ಹಾಕಬೇಕು. ೧೯೩೯ರಲ್ಲಿ ಸಿ.ಎನ್. ಆಚಾರ್ಯರು ರೂಪಿಸಿದ ಬೆಂಗಳೂರು ವಿಧಾನದಲ್ಲಿ ಗುಂಡಿ ತುಂಬಿ ಮೇಲೆ ಮಣ್ಣು ಮೆತ್ತಿ ಬಿಟ್ಟರಾಯಿತು. ತಿರುವುವ ಕೈಗಳು ಯಾರವು ಎಂದು ಕೇಳಿಕೊಂಡು ಈ ಎರಡನ್ನೂ ಹೋಲಿಸಿದವರನ್ನು ನಾನು ಕಂಡಿಲ್ಲ. ೧೯೮೧-೮೨ರಲ್ಲಿ ರಾಷ್ಟ್ರೀಯ ಗೋಬರ್ ಗ್ಯಾಸ್ ಯೋಜನೆ ಬಂತು. ಒಂದು ಸಣ್ಣ ಕುಟುಂಬದ ಎರಡು ಘನಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು ೫೦ ಕಿಲೋ ಹೆಂಡಿ ಬೇಕು, ಅಂದರೆ ಮೂರು ನಾಲ್ಕು ದೊಡ್ಡ ದನ. ಕೇರಿಯಲ್ಲಿ ಯಾರಲ್ಲಿದ್ದವು ಅಷ್ಟು ದನ? ಗೌಡರ ಅಡುಗೆಮನೆಯಲ್ಲಿ ಹೊಗೆಯಿಲ್ಲದ ನೀಲಿ ಉರಿ ಬಂತು. ಆ ಉರಿಗೆ ಹೆಂಡಿ ಕಲಸಿ ಹಾಕಿದವಳು ತನ್ನ ಮನೆಯಲ್ಲಿ ಕುಳ್ಳಿನ ಹೊಗೆಗೇ ಕಣ್ಣೊರೆಸಿಕೊಂಡಳು. ೨೦೧೮ರಲ್ಲಿ ಗೋಬರ್‌ಧನ್ ಯೋಜನೆ ಬಂತು. ಹೆಸರಲ್ಲೇ ಧನವಿದೆ. ಧನ ಯಾರ ಕೈಗೆ ಎಂಬುದೇ ಪ್ರಶ್ನೆ.

ಮನುಷ್ಯರ ಮಲ ಹೊರುವುದರ ವಿರುದ್ಧ ಕರ್ನಾಟಕದಲ್ಲಿ ಬಸವಲಿಂಗಪ್ಪನವರು ಎಪ್ಪತ್ತರ ದಶಕದ ಆರಂಭದಲ್ಲೇ ಆದೇಶ ತಂದರು. ದೇಶಕ್ಕೆ ೧೯೯೩ರಲ್ಲಿ, ಮತ್ತೆ ೨೦೧೩ರಲ್ಲಿ ಕಾನೂನು ಬಂತು. ಅವು ಮನುಷ್ಯರ ಮಲಕ್ಕೆ ಸೀಮಿತ. ಎರಡೂ ಒಂದೇ ಎಂದು ನಾನು ವಾದಿಸುತ್ತಿಲ್ಲ. ಹೆಂಡಿ ಗೊಬ್ಬರ, ಹೆಂಡಿ ಉರುವಲು, ತನ್ನ ಹೊಲಕ್ಕೆ ತಾನೇ ಹೆಂಡಿ ಹೊರುವ ಬಡರೈತರೂ ಇದ್ದಾರೆ. ಅವರ ಬೆವರನ್ನು ನಾನು ಅಲ್ಲಗಳೆಯಲಾರೆ. ತಕರಾರು ಇರುವುದು ಬೇರೆಯವರ ಹೊಲಕ್ಕೆ, ಕೂಲಿಯಿಲ್ಲದೆ, ಹುಟ್ಟಿನ ಕಾರಣಕ್ಕೆ ಹೊರುವುದರ ಬಗ್ಗೆ. ಇವತ್ತು ಸಾವಯವ ಕೃಷಿಯ ಮಾತಾಡುವ ಸಜ್ಜನರು, "ಹಿಂದಿನ ಕಾಲದಲ್ಲಿ ನೆಲ ಎಷ್ಟು ಫಲವತ್ತಾಗಿತ್ತು, ತಿಪ್ಪೆ ಗೊಬ್ಬರಕ್ಕೆ ಮರಳೋಣ" ಎನ್ನುತ್ತಾರೆ. ರಾಸಾಯನಿಕ ಗೊಬ್ಬರದಿಂದ ಕಾಲುವೆಯ ಕೆಳಗಿನ ಭೂಮಿ ಹಾಳಾದದ್ದು ನಮಗೂ ಗೊತ್ತು. ಆದರೆ ಹಿಂದಿನ ತಿಪ್ಪೆಗೆ ಮರಳುವುದೆಂದರೆ ಹಿಂದಿನ ಬುಟ್ಟಿಗೂ ಮರಳುವುದೇ? ಯೂರಿಯಾ ಚೀಲಕ್ಕೆ ಜಾತಿ ಇರಲಿಲ್ಲ ಎಂಬ ಒಂದು ಮಾತನ್ನಾದರೂ ಅವರು ಕೇಳಿಸಿಕೊಳ್ಳಬೇಕು.

೨೦೧೬ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ, ಸತ್ತ ಆಕಳ ತೊಗಲು ಸುಲಿಯುತ್ತಿದ್ದ ದಲಿತ ಯುವಕರನ್ನು ಕಟ್ಟಿ ಹೊಡೆದರು. ಆಗ ಸುರೇಂದ್ರನಗರದ ದಲಿತರು ಸತ್ತ ದನಗಳನ್ನು ತಂದು ಸರ್ಕಾರಿ ಕಚೇರಿಯ ಮುಂದೆ ಹಾಕಿದರು. ತ್ಯಾಜ್ಯ ನಿರ್ವಹಣೆಯ ಬಗ್ಗೆ ಈ ದೇಶದಲ್ಲಿ ಮಂಡಿತವಾದ ಅತ್ಯಂತ ಸ್ಪಷ್ಟ ಪ್ರಬಂಧ ಅದು ಎಂದು ನನ್ನ ತಿಳುವಳಿಕೆ. ಎತ್ತುವವರು ಒಂದು ವಾರ ಕೈಕಟ್ಟಿ ಕೂತರೆ ಬಾಣದ ಗುರುತು ಅಳಿಸಿಹೋಗುತ್ತದೆ, ಚಕ್ರ ನಿಲ್ಲುತ್ತದೆ.

ಹಾಗಾದರೆ ಬೇಕಾದದ್ದೇನು? ಕೊಟ್ಟಿಗೆಯ ಕೆಲಸಕ್ಕೆ ರೊಟ್ಟಿಯಲ್ಲ, ಲೆಕ್ಕದ ಕೂಲಿ. ತಲೆಯ ಮೇಲಿನ ಬುಟ್ಟಿಯ ಬದಲು ಕೈಗಾಡಿ, ಸಲಿಕೆ, ಗವಸು. ಎತ್ತಿದವರಿಗೆ ಗೊಬ್ಬರದಲ್ಲಿ, ಗ್ಯಾಸಿನಲ್ಲಿ ಪಾಲು. ಕೇರಿಯ ಪಕ್ಕದ ತಿಪ್ಪೆಗಳನ್ನು ಅವರವರ ಹೊಲಕ್ಕೆ ಸಾಗಿಸುವುದು, ತಳಕ್ಕೆ ಗಚ್ಚು ಹಾಕಿ ಮೇಲೆ ಮುಚ್ಚುವುದು. ಕೇರಿಯ ಬೋರಿನ ನೀರನ್ನು ಮೊದಲು ಪರೀಕ್ಷಿಸುವುದು. ಇವು ಪರಿಸರವಾದಿಗಳ ಪಟ್ಟಿಯಲ್ಲೂ ಇರಬಹುದಾದ ಸಂಗತಿಗಳೇ. ದಲಿತ ವಿಮರ್ಶೆ ಕೃತಿಗಳಷ್ಟನ್ನೇ ಓದಿದರೆ ಸಾಲದು, ತಿಪ್ಪೆಯನ್ನೂ ಓದಬೇಕು. ಯಾವ ಕ್ರಿಯಾಪದದ ಕರ್ತೃ ಎಲ್ಲಿ ಕಾಣೆಯಾಗಿದ್ದಾನೆ, ಕಾಣೆಯಾಗಿದ್ದಾಳ ಎಂದು ಕೇಳುತ್ತ ಹೋಗಬೇಕು.

ಕಳೆದ ವರ್ಷ ನನ್ನ ಬಿ.ಎ. ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟೆ. ನಿಮ್ಮ ಮನೆಯ ದನದ ಹೆಂಡಿ ಯಾರು ತೆಗೆಯುತ್ತಾರೆ, ಬರೆದುಕೊಂಡು ಬನ್ನಿ ಎಂದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆಯ ಹುಡುಗರಿದ್ದರು. ಬಹಳಷ್ಟು ಮಂದಿ 'ಅವ್ವ' ಎಂದು ಬರೆದಿದ್ದರು. ಕೆಲವರು 'ಆಳು' ಎಂದು. ಆಳಿನ ಹೆಸರೇನು ಎಂದು ಕೇಳಿದೆ. ಒಬ್ಬ ಹುಡುಗ ಎದ್ದು ನಿಂತು, "ಗೊತ್ತಿಲ್ಲ ಸರ, ನಾ ಹುಟ್ಟೂದಕ್ಕಿಂತ ಮೊದಲಿಂದ ಬರತಾಳ" ಅಂದ. ಹಿಂದಿನ ಬೆಂಚಿನಲ್ಲಿ ಕೂತ ಹುಡುಗಿಯೊಬ್ಬಳು ಕೈ ಎತ್ತಿದಳು. ಅವರಿಬ್ಬರದೂ ಒಂದೇ ಊರು. ಅವಳು ಆ ಹೆಸರು ಹೇಳಿ, ತಲೆ ತಗ್ಗಿಸದೆ, "ನಮ್ಮವ್ವ ಸರ" ಅಂದಳು. ಹುಡುಗ ತನ್ನ ಹಾಳೆ ವಾಪಸು ಇಸಿದುಕೊಂಡು 'ಆಳು' ಎಂಬುದನ್ನು ಹೊಡೆದುಹಾಕಿ ಹೆಸರು ಬರೆದುಕೊಟ್ಟ. ಆ ಹಾಳೆ ನನ್ನ ಹತ್ತಿರ ಇದೆ.